ದೇವರ ನಿದ್ದೆ ಮತ್ತು ಟೇಬಲ್ ಟೆನಿಸ್ ಮೇಜು

ಕಾಲೇಜಿನ ದೇವತಾಶಾಸ್ತ್ರ ಪತ್ರಿಕೆ ಐವತ್ತು ವರ್ಷಗಳಿಂದ ಒಂದೇ ಪ್ರಶ್ನೆಯನ್ನು ಚರ್ಚಿಸುತ್ತ ಬಂದಿತ್ತು: ದೇವರು ನಿದ್ದೆ ಮಾಡುತ್ತಾನೆಯೇ? ಮಾಡುತ್ತಾನೆ ಎಂದು ಕಡ್ಡಿ ಮೇಷ್ಟ್ರು ಪತ್ರಿಕೆಯ ಮೊದಲರ್ಧ ತುಂಬುತ್ತಿದ್ದರು. ಇಲ್ಲವೇ ಇಲ್ಲ ಎಂದು ಗುಂಡು ಮೇಷ್ಟ್ರು ಉಳಿದರ್ಧ ತುಂಬುತ್ತಿದ್ದರು. ಇಬ್ಬರೂ ನಿವೃತ್ತರಾಗಿ ಬಹುಕಾಲವಾಗಿದ್ದರೂ ಪ್ರಶ್ನೆಗೆ ನಿವೃತ್ತಿ ಇರಲಿಲ್ಲ.

ಸಂಪಾದಕಿಯನ್ನು ಕಾಲೇಜಿಗೆ ಕಾಲೇಜೇ ದೊಡ್ಡಮ್ಮ ಎನ್ನುತ್ತಿತ್ತು. ಆದರೆ ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಪ್ರಾಂಶುಪಾಲರಿಗೆ ಮಾತ್ರ. ಅವರು ದೊಡ್ಡಮ್ಮನ ತಂಗಿಯ ಮಗ.

ಸುವರ್ಣ ಮಹೋತ್ಸವಕ್ಕೆಂದು ಸಭಾಂಗಣಕ್ಕೆ ಸುಣ್ಣ ಹೊಡೆಯುತ್ತಿದ್ದಾಗ ಕಡ್ಡಿ ಮೇಷ್ಟ್ರು ವಿಶೇಷ ಸಂಚಿಕೆಯ ಲೇಖನ ತಂದುಕೊಟ್ಟರು. ಅದರಲ್ಲಿ ಇದ್ದದ್ದು ಒಂದೇ ಸಾಲು: ‘ಗುಂಡು ಹೇಳಿದ್ದೇ ಸರಿ.’

ದೊಡ್ಡಮ್ಮ ಹಾಳೆಯ ಹಿಂಬದಿಯನ್ನೂ ತಿರುವಿ ನೋಡಿದರು. “ಏನ್ ಮೇಷ್ಟ್ರೇ ಇದು!”

“ಮನೆಯಲ್ಲಿ ಮರಿಮಗು ಹುಟ್ಟಿದೆಯಮ್ಮ. ಅವತ್ತಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ. ನಾನೇ ನಿದ್ದೆ ಇಲ್ದೆ ಬದುಕಿದೀನಿ ಅಂದ್ಮೇಲೆ ಅವನಿಗೇನು ಕಷ್ಟ?”

ಪ್ರಶ್ನೆ ಬಗೆಹರಿದ ಕೂಡಲೇ ಪತ್ರಿಕೆಯನ್ನು ಮುಚ್ಚತಕ್ಕದ್ದು, ಕೊಠಡಿಯನ್ನು ತೆರವುಗೊಳಿಸತಕ್ಕದ್ದು ಎಂದು ನಿಯಮವಿತ್ತು. ಮಧ್ಯಾಹ್ನದೊಳಗೆ ಟೇಬಲ್ ಟೆನಿಸ್ ಮೇಜೊಂದು ಕೊಠಡಿಯ ಬಾಗಿಲಿಗೆ ಅಡ್ಡವಾಗಿ ಬಂದು ನಿಂತಿತು. ದೊಡ್ಡಮ್ಮ ಅದರಡಿಯಲ್ಲಿ ನುಸುಳಿ ಹೊರಬಂದು, ಮೇಜು ತರಿಸಿದ ಪ್ರಾಂಶುಪಾಲರ ಎದುರು ನಿಂತರು.

“ಎತ್ತಿ ಆಡಿಸಿದವಳ ಕುರ್ಚಿಗೇ ಕೈ ಹಾಕ್ತೀಯೇನೋ?”

“ನಾನೇನು ಮಾಡ್ಲಿ ದೊಡ್ಡಮ್ಮ? ದೇವರ ವಿಷಯ ಮುಗೀತು. ಹುಡುಗರು ಆಡಬೇಕಲ್ವಾ?”

“ಮುಗಿದಿಲ್ಲ ಕಣೋ. ಪರಿಶೀಲನೆ ಆಗ್ಬೇಕು.”

ಲೇಖನದಲ್ಲಿರುವ ಸಕಲ ಹೆಸರುಗಳನ್ನೂ ಮಸಿ ಬಳಿದು ಮುಚ್ಚಿ, ವಿಷಯತಜ್ಞರಿಗೆ ಕಳಿಸಿ ಅಭಿಪ್ರಾಯ ಪಡೆಯುವುದು ಕಡ್ಡಾಯ. ವಿಷಯತಜ್ಞರು ಲೋಕದಲ್ಲಿ ಇಬ್ಬರೇ. ಒಬ್ಬರು ಲೇಖಕರಾದ್ದರಿಂದ ಇನ್ನೊಬ್ಬರಿಗೆ ಕರೆ ಹೋಯಿತು. ಗುಂಡು ಮೇಷ್ಟ್ರು ಬಂದು, ಮೇಜಿನಡಿ ಹಿಡಿಸದೆ, ಹೊರಗೇ ನಿಂತು ಓದಿದರು. ಮಸಿಯ ಕಲೆಯೊಂದರ ಪಕ್ಕ ‘ಹೇಳಿದ್ದೇ ಸರಿ’ ಎಂದಿತ್ತು.

“ಯಾವನ್ರೀ ಬರೆದವನು?”

“ಹೇಳೋ ಹಾಗಿಲ್ಲ.”

“ಯಾರು ಹೇಳಿದ್ದು ಸರಿಯಂತೆ?”

“ಅದನ್ನೂ ಹೇಳೋ ಹಾಗಿಲ್ಲ ಮೇಷ್ಟ್ರೇ.”

“ಹಾಗಾದ್ರೆ ಆ ಕಡ್ಡಿ ಹೇಳಿದ್ದೇ. ಇಂಥ ಬಾಲಬಡುಕರು ಬೇರೆ ಯಾರಿಗಿದಾರೆ?” ಎಂದವರೇ ಕೆಂಪು ಶಾಯಿಯಲ್ಲಿ ಅಭಿಪ್ರಾಯ ಗೀಚಿದರು: ‘ಶುದ್ಧ ಸುಳ್ಳು. ಹೀಗೆ ಹೇಳಿದವನಿಗೆ ದೇವರ ಗಂಧಗಾಳಿಯೂ ಇಲ್ಲ. ನನ್ನ ಮಾತು ಅಂತಿಮ.’

ದೊಡ್ಡಮ್ಮ ಮೊಹರು ಒತ್ತಿದ ಮೇಲೆ ಒದ್ದೆ ಬಟ್ಟೆಯಿಂದ ಮಸಿ ಒರೆಸಿದರು.

ಗುಂಡು ಮೇಷ್ಟ್ರು ತಮ್ಮ ಹೆಸರನ್ನು ಬಹಳ ಹೊತ್ತು ನೋಡಿದರು. “ವಾಪಸ್ ತಗೊಳ್ಳೋಕೆ ಆಗಲ್ವಾ?”

“ಅಂತಿಮ ಅಂತ ನೀವೇ ಬರೆದಿದೀರಲ್ಲ.”

ಹೀಗಾಗಿ ಗುಂಡು ಮೇಷ್ಟ್ರು ಹೇಳಿದ್ದು ಸರಿಯೆಂದು ಕಡ್ಡಿ ಮೇಷ್ಟ್ರೂ, ಸುಳ್ಳೆಂದು ಸ್ವತಃ ಗುಂಡು ಮೇಷ್ಟ್ರೂ ವಾದಿಸುವಂತಾಯಿತು. ಚರ್ಚೆ ಹೊಸ ಹುರುಪಿನಿಂದ ಮುಂದುವರಿಯಲಿದೆ ಎಂದು ದೊಡ್ಡಮ್ಮ ಮಹೋತ್ಸವದಲ್ಲಿ ಘೋಷಿಸಿದಾಗ ಎಚ್ಚರವಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕಡ್ಡಿ ಮೇಷ್ಟ್ರು ತಮ್ಮ ಹೊಸ ಪಕ್ಷದ ಪರವಾಗಿ ಕಣ್ಣು ಮಿಟುಕಿಸದೆ ಕೂತಿದ್ದರು. ಗುಂಡು ಮೇಷ್ಟ್ರು ತಮ್ಮ ಹೊಸ ಪಕ್ಷದ ಪರವಾಗಿ ವೇದಿಕೆಯ ಮೇಲೇ ಗೊರಕೆ ಹೊಡೆದರು. ಸಭೆ ಎರಡನ್ನೂ ಪ್ರಬಲ ಸಾಕ್ಷ್ಯವೆಂದು ಪರಿಗಣಿಸಿತು.

ಒಮ್ಮೆ ಮಂಜೂರಾದ ಮೇಜನ್ನು ಕದಲಿಸುವ ನಿಯಮ ಇರಲಿಲ್ಲವಾದ್ದರಿಂದ ಅದು ಬಾಗಿಲಲ್ಲೇ ಉಳಿಯಿತು. ಪ್ರಾಂಶುಪಾಲರು ಗೋಡೆಗೆ ಪ್ರಕಟಣೆ ಅಂಟಿಸಿದರು: ‘ಸಂಪಾದಕಿಯವರು ಮೇಜಿನ ಕೆಳಗೆ ಹಾದುಹೋಗುವಾಗ ಆಟಗಾರರು ಆಟ ನಿಲ್ಲಿಸಿ ಗೌರವ ಸೂಚಿಸತಕ್ಕದ್ದು.’

ಹುಡುಗರು ತಪ್ಪದೆ ಸೂಚಿಸುತ್ತಾರೆ. ದೊಡ್ಡಮ್ಮ ಕೆಳಗಿನಿಂದಲೇ, “ಆಡ್ಕೊಳ್ರಪ್ಪ” ಎನ್ನುತ್ತಾರೆ.