ನಾನು ಬ್ರೆಡ್ಡು ಮಾಡಿ ರೋಗಿಯಾದದ್ದು

ನನ್ನ ತಂಗಿ ಪುಟ್ಟಮ್ಮನನ್ನು ನೋಡಲು ಶಿರಾದಿಂದ ಗಂಡಿನವರು ಬರುವ ದಿನ, ಹೊಳವನಹಳ್ಳಿಯ ಸ್ಕೂಲು ಮೇಷ್ಟರಾದ ನಾನು ಬೆಳಗ್ಗೆಯೇ ಮನೆಯಲ್ಲಿ ಹುಕುಂ ಹೊರಡಿಸಿದೆ. ಉಪ್ಪಿಟ್ಟು ರದ್ದು, ಬ್ರೆಡ್ಡು ಮಂಜೂರು! ಹುಡುಗ ಬೆಂಗಳೂರಿನಲ್ಲಿ ಓದಿದವನು. ಆಗಲೇ ಎರಡು ಸಂಬಂಧ ತಪ್ಪಿಹೋಗಿ ಪುಟ್ಟಮ್ಮ ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿದ್ದಳು. ಇದನ್ನಾದರೂ ಕುದುರಿಸಲೇಬೇಕಿತ್ತು.

ಬ್ರೆಡ್ಡಿನ ವಿದ್ಯೆಯನ್ನು ಬೆಂಗಳೂರು ದಂಡಿನಲ್ಲಿದ್ದ ಒಬ್ಬ ಬಟ್ಲರನಿಂದ ಕಲಿತಿದ್ದೆ. ಕಲಿತಿದ್ದೆ ಎಂದರೆ, ಅವನು ಹೇಳಿದ್ದನ್ನು ಒಮ್ಮೆ ಕೇಳಿದ್ದೆ. ಗೋಧಿಹಿಟ್ಟು, ಹುಳಿ ಮಜ್ಜಿಗೆ, ಉಪ್ಪು, ಚಿಟಿಕೆ ಸೋಡ. ಕಲಸಿ ಪಾತ್ರೆಯಲ್ಲಿಟ್ಟು ಮುಚ್ಚಿ, ಕೆಳಗೂ ಮೇಲೂ ಕೆಂಡ ಹಾಕಿದರೆ ಆಯಿತು. ಇದರಲ್ಲಿ ಏನು ಮಹಾ!

ಮೊದಲ ಸಲ ಅಭ್ಯಾಸಬಲದಿಂದ ಮುದ್ದೆಕೋಲು ಹಿಡಿದು ತಿರುವಿದೆ. ಹಿಟ್ಟು ಗೋಂದಾಯಿತು. ಎಮ್ಮೆಗೆ ಇಟ್ಟರೆ ಅದು ಮೂಸಿ, ನನ್ನನ್ನೊಮ್ಮೆ ನೋಡಿ, ಮುಖ ತಿರುಗಿಸಿತು. 'ಒಸಿ ಉಪ್ಪಿಟ್ಟು ಕೆದಕ್ತೀನಿ ಬುಡಿ' ಎಂದಳು ನನ್ನ ಹೆಂಡತಿ. ನಾನು ಬಿಡಲಿಲ್ಲ. ಎರಡನೆಯ ಸಲ, ತಳ ಸೀದರೂ, ಬ್ರೆಡ್ಡು ನಿಜಕ್ಕೂ ಉಬ್ಬಿತು. ನಾನೂ ಉಬ್ಬಿದೆ.

ಗಂಡಿನವರು ಬಂದು ಕುಳಿತರು. ಬ್ರೆಡ್ಡನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ಮೆರವಣಿಗೆಯಂತೆ ತಂದೆ. ಹುಡುಗನ ತಾಯಿ ಅದನ್ನು ನೋಡಿದ್ದೇ ಕಾಫಿ ಲೋಟ ಕೆಳಗಿಟ್ಟರು.

'ಯಾರ್ಗಪ್ಪಾ ಉಸಾರಿಲ್ಲ?'

ಆಗ ನನಗೆ ಹೊಳೆಯಿತು. ನಮ್ಮ ಸೀಮೆಯಲ್ಲಿ ಡಾಕ್ಟರು ಬರೆದುಕೊಟ್ಟ ಹೊರತು ಯಾರೂ ಬ್ರೆಡ್ಡು ಮುಟ್ಟುವುದಿಲ್ಲ. ಅದು ಜ್ವರ ಬಂದವರ ಪಥ್ಯ! ಮಕ್ಕಳಿಗೆ ಜಗತ್ತಿನ ಭೂಗೋಳ ಹೇಳಿಕೊಡುವ ನನಗೆ ನನ್ನ ಊರಿನದೇ ಮರೆತುಹೋಗಿತ್ತು. ಯಾರಿಗೂ ಏನೂ ಇಲ್ಲವೆಂದು ನಕ್ಕೆ. ಆಕೆಯ ಕಣ್ಣು ಮೊದಲೇ ಸಣಕಲಿಯಾದ ಪುಟ್ಟಮ್ಮನ ಮೇಲೆ ನೆಟ್ಟಿತು. ನಾನು ಇಲ್ಲ ಇಲ್ಲ ಎಂದಷ್ಟೂ ಅವರ ಅನುಮಾನ ಬಲಿಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಗಂಗಮ್ಮ ಎರಡು ಕಿತ್ತಳೆಹಣ್ಣು ಹಿಡಿದು ಬಂದಳು. ನಾನು ಬ್ರೆಡ್ಡು ಬೇಯಿಸುವುದನ್ನು ಬೇಲಿಯಾಚೆಯಿಂದ ನೋಡಿದ್ದಳಂತೆ. 'ಪುಟ್ಟಿಗೆ ಈಗ ಹೆಂಗೈತೆ?' ಎಂದು ಕೇಳಿಯೇಬಿಟ್ಟಳು.

ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು. ಬಾಗಿಲ ಮರೆಯಲ್ಲಿ ಪುಟ್ಟಮ್ಮನ ಕಣ್ಣು ತುಂಬಿತು. ನನಗೆ ಕರುಳು ಹಿಂಡಿದಂತಾಯಿತು. ಆ ಕರುಳನ್ನೇ ಹಿಡಿದುಕೊಂಡು ದೊಪ್ಪನೆ ಕುಳಿತೆ.

'ನಂಗೇ ಕಣಮ್ಮ ಕಾಯಿಲೆ. ಮೂರು ತಿಂಗ್ಳಾತು. ಬ್ರೆಡ್ಡು ಬಿಟ್ಟು ಬ್ಯಾರೆ ಏನೂ ತಿನ್ನಂಗಿಲ್ಲ ಅಂದವ್ರೆ ಡಾಕ್ಟ್ರು.'

ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕತೊಡಗಿದಳು. ಬಂದವರು ಅಳುವೆಂದು ತಿಳಿದರು. ಅದು ನಗು! ಹುಡುಗನ ತಾಯಿ ಸಮಾಧಾನದಿಂದ ಮತ್ತೆ ಕುಳಿತರು. ಕುಳಿತದ್ದು ನನ್ನ ಪಕ್ಕದಲ್ಲಿ. ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಅದ್ದಿ, ಸೀದ ತಳವನ್ನೂ ಬಿಡದೆ, ಪೂರಾ ತಿನ್ನಿಸಿದ ಮೇಲೆಯೇ ಎದ್ದರು.

ಸಂಬಂಧ ಕುದುರಿತು. ಗಂಡಿನ ಮನೆಯಲ್ಲೇ ಮದುವೆ. ಪಂಕ್ತಿಯಲ್ಲಿ ಎಲ್ಲರ ಎಲೆಗೂ ಹೋಳಿಗೆ, ಅದರ ಮೇಲೆ ತುಪ್ಪ. ನನ್ನ ಎಲೆಯ ಹತ್ತಿರ ಬಂದೊಡನೆ ಬೀಗಿತ್ತಿಯವರು ಬಡಿಸುವವನ ಕೈ ಹಿಡಿದು, ಮೇಷ್ಟರಿಗೆ ಇದೆಲ್ಲ ಒಗ್ಗುವುದಿಲ್ಲವೆಂದು ಹೇಳಿ ಮುಂದೆ ಕಳಿಸಿದರು. ಒಬ್ಬಳೇ ತಂಗಿಯ ಮದುವೆಯಲ್ಲಿ ನಾನು ಉಂಡದ್ದು ಒಂದು ಲೋಟ ಗಂಜಿ. ಅದಕ್ಕೂ ಉಪ್ಪು ಹಾಕಿಸಿರಲಿಲ್ಲ!