ಕೊನೆಯ ಕಂತು, ಯಾರೂ ಮುಟ್ಟಬಾರದು

ಮಾತು ಕೊಟ್ಟ ಮೇಲೆ ನಿದ್ದೆ ಕೆಡಿಸಿಕೊಳ್ಳುವವರ ಜಾತಿಗೆ ಸೇರಿದವನು ನಾನು. ಕೊಡುವ ಮೊದಲು ಯೋಚಿಸುವವರೂ ಲೋಕದಲ್ಲಿದ್ದಾರೆ ಎಂದು ಹೆಂಡತಿ ವಿದ್ಯಾ ಆಗಾಗ ನೆನಪಿಸುತ್ತಾಳೆ. ಈ ಸಲ ಮಾತು ಕೊಟ್ಟದ್ದು ಮುಖವನ್ನೇ ನೋಡದ ಒಂದು ಗುಂಪಿಗೆ. ನಾನು ಚಿಕ್ಕವನಿದ್ದಾಗ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಭೂಮಿಗೆ ಮರಳುವ ದಾರಿ ತಪ್ಪಿದ ಆಕಾಶನೌಕೆಯ ಕಥೆ. ಅದರ ಮೂಲ ಟೇಪುಗಳ ಮೇಲೆ ಯಾರೋ ಪುಣ್ಯಾತ್ಮರು ಬೇರೇನೋ ಮುದ್ರಿಸಿ, ಈಗ ಅರ್ಧಕ್ಕರ್ಧ ಕಂತುಗಳೇ ಇಲ್ಲ. ಇಲ್ಲದ್ದನ್ನು ನೋಡುವುದು ಹೇಗೆ ಎಂಬುದಕ್ಕಾಗಿಯೇ ಅಂತರ್ಜಾಲದಲ್ಲಿ ಈ ಗುಂಪಿದೆ. ಒಬ್ಬರು ಹಳೆಯ ಪತ್ರಿಕೆಗಳ ಫೋಟೋಗಳನ್ನು ಸಾಲಾಗಿ ಜೋಡಿಸಿ ಕಥೆ ಹೇಳುತ್ತಾರೆ. ಇನ್ನೊಬ್ಬರು ಕಂಪ್ಯೂಟರಿನಲ್ಲಿ ಗೊಂಬೆಚಿತ್ರ ಮಾಡುತ್ತಾರೆ. ಪುಣೆಯ ಹಲ್ಲಿನ ಡಾಕ್ಟರೊಬ್ಬರಂತೂ ಸಂಭಾಷಣೆಯನ್ನೆಲ್ಲ ನೆನಪಿನಿಂದಲೇ ಬರೆಯುತ್ತಾರೆ. ಅವರನ್ನು ನಾನು ಬಹಳ ಗೇಲಿ ಮಾಡುತ್ತಿದ್ದೆ. ಆದರೆ ಕಪ್ತಾನ ಕೊನೆಗೆ ಭೂಮಿಗೆ ಮರಳಿದನೋ ಇಲ್ಲವೋ ಎಂಬುದು ಯಾರಿಗೂ ಸರಿಯಾಗಿ ನೆನಪಿಲ್ಲ. ಅದರ ಮೇಲೆ ಜಗಳ ಕಾವೇರಿದ ಒಂದು ದಿನ ನಾನು ಬರೆದುಬಿಟ್ಟೆ: "ಕೊನೆಯ ಕಂತಿನ ಧ್ವನಿ ನನ್ನ ಹತ್ತಿರ ಇದೆ."

ಇರುವುದೇನೋ ನಿಜ. ಅಪ್ಪ ಬರ್ ದುಬೈಯ ಬಟ್ಟೆ ಅಂಗಡಿಯಲ್ಲಿದ್ದ ಕಾಲದಲ್ಲಿ ಅವರಿಗೂ ಉಡುಪಿ ಹತ್ತಿರದ ನಮ್ಮ ಮನೆಗೂ ನಡುವೆ ಕಾಗದಕ್ಕಿಂತ ಹೆಚ್ಚು ಕ್ಯಾಸೆಟ್ಟುಗಳೇ ಓಡಾಡುತ್ತಿದ್ದವು. ಊರಿಗೆ ಬರುವವರ ಕೈಯಲ್ಲಿ ಅಪ್ಪನ ಮಾತು ಬರುತ್ತಿತ್ತು; ಕೇಳಿ ಮುಗಿದ ಮೇಲೆ ಅದೇ ಕ್ಯಾಸೆಟ್ಟಿನಲ್ಲಿ ಅಮ್ಮನ ಮಾತು ತುಂಬಿಕೊಂಡು ಹಿಂದಿರುಗುತ್ತಿತ್ತು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಹೀಗಾಗಿ ಮೂರು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಹುಡುಕಿದರೆ, ಉಳಿದದ್ದು ಒಂದೇ ಕ್ಯಾಸೆಟ್. ಅಪ್ಪ ಅಳಿಸದೆ ಇಟ್ಟುಕೊಂಡು ರಜೆಯಲ್ಲಿ ಊರಿಗೆ ತಂದದ್ದು; ಅದರ ಮೇಲೆ ಅವರ ಅಕ್ಷರದಲ್ಲಿ 'ಮನೆಯಿಂದ' ಎಂದಿದೆ. ಅದನ್ನು ಹೊಡೆದುಹಾಕಿ ನನ್ನ ಐದನೇ ಕ್ಲಾಸಿನ ಅಕ್ಷರದಲ್ಲಿ 'ಕೊನೆಯ ಕಂತು, ಯಾರೂ ಮುಟ್ಟಬಾರದು' ಎಂದಿದೆ. ಅಂದರೆ ಅಮ್ಮನ ಮಾತನ್ನು ಅಳಿಸಿ ರಾಕೆಟ್ ಹಾರಿಸಿದ ಪುಣ್ಯಾತ್ಮ ನಾನೇ. ಟೇಪು ಅಳಿಸಿದವರಿಗೆ ಗುಂಪಿನವರು ಶಾಪ ಹಾಕುವಾಗಲೆಲ್ಲ ನಾನು ಬಾಯಿ ಬಿಡುತ್ತಿರಲಿಲ್ಲ. ಮೂರು ವರ್ಷ ಅದನ್ನು ಹಾಕಿ ಕೇಳುವ ಧೈರ್ಯವೂ ಬರಲಿಲ್ಲ. ಕೇಳದಿದ್ದರೆ ಯಾವುದೋ ಮೂಲೆಯಲ್ಲಿ ಅಮ್ಮ ಉಳಿದಿರಬಹುದು ಎಂದಾದರೂ ಅಂದುಕೊಳ್ಳಬಹುದು, ಕೇಳಿದರೆ ಖಲಾಸ್.

ಮಾತು ಕೊಟ್ಟಾಗಿತ್ತು, ಕೇಳಲೇಬೇಕಾಯಿತು. ಅಪ್ಪನ ಹಾಗೆ ನಾನೂ ಈಗ ಗಲ್ಫಿನಲ್ಲೇ ದುಡಿಯುವವನು. ನಮ್ಮ ಮುಸಫ್ಫಾ ವರ್ಕ್‌ಶಾಪಿನ ಸ್ಟೋರ್‌ಕೀಪರ್ ಭಟ್ಕಳದ ಸಿದ್ದೀಕ್ ಭಾಯಿಯ ಮುದಿ ಪಿಕಪ್ಪಿನಲ್ಲಿ ಕ್ಯಾಸೆಟ್ ಪ್ಲೇಯರ್ ಇತ್ತು. "ಬನ್ನಿ ಭಟ್ರೆ, ಊಟದ ಟೈಮಲ್ಲಿ ಹಾಕುವ. ಭಾರೀ ಒಳ್ಳೆ ಪ್ಲೇಯರ್. ಇಷ್ಟು ವರ್ಷಕ್ಕೆ ಎರಡೇ ಕ್ಯಾಸೆಟ್ ತಿಂದದ್ದು" ಎಂದರು. ನನ್ನ ಊಟ ಅಲ್ಲಿಗೇ ಮುಗಿಯಿತು. ಹೊರಗೆ ಗ್ರೈಂಡರಿನ ಸದ್ದು ಎಂದು ಗಾಜು ಏರಿಸಿದೆವು, ಒಳಗೆ ಏಸಿಯ ಸದ್ದು ಎಂದು ಅದನ್ನೂ ನಿಲ್ಲಿಸಿದೆವು. ಜುಲೈ ತಿಂಗಳು. ಇಡ್ಲಿ ಪಾತ್ರೆಯೊಳಗೆ ಕೂತ ಇಬ್ಬರ ಮುಂದೆ ಮುದ್ರಿಸಿಕೊಳ್ಳಲು ನನ್ನ ಮೊಬೈಲು. "ಯಲ್ಲಾ, ಬಿಸ್ಮಿಲ್ಲಾ" ಎಂದು ಸಿದ್ದೀಕ್ ಭಾಯಿ ಗುಂಡಿ ಒತ್ತಿದರು. ನಾನು ಗಣಪತಿಯನ್ನು ನೆನೆದೆ. ಮೊದಲು ಬರೀ ಗರಗರ, ಆಮೇಲೆ ಧಾರಾವಾಹಿಯ ಸಂಗೀತ, ಕಪ್ತಾನನ ಗಡಸು ಹಿಂದಿ. ಅಮ್ಮನ ಸುಳಿವಿಲ್ಲ. ಅಷ್ಟರಲ್ಲಿ ಬಳೆಗಳ ಸದ್ದು.

"ಹಲೋ, ಕೇಳ್ತಾ ಉಂಟಾ? ನಾನು. ಇಲ್ಲಿ ಎಲ್ಲ ಸೌಖ್ಯ."

ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದೆ ಎಂದರೆ ಒಂದೇ ಅರ್ಥ, ಅಪ್ಪನಿಗೆ ಮಾತಾಡಬೇಕು. ನಾನು ಟೀವಿಯ ಮುಂದೆ ಅದನ್ನಿಟ್ಟು ಗುಂಡಿ ಒತ್ತಿದ್ದನ್ನು ಕಂಡ ಅಮ್ಮ, ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ನೇರ ಮಾತಿಗೇ ಕೂತಿದ್ದಾಳೆ. ಅತ್ತ ನೌಕೆ ಉರಿಯುತ್ತಿದೆ, ಇತ್ತ ಅಮ್ಮ ಹೇಳುತ್ತಿದ್ದಾಳೆ: "ಬಾವಿಯ ಪಂಪು ಪುನಃ ಕೈಕೊಟ್ಟಿತು. ನಿಮ್ಮ ಮಗನಿಗೆ ಈ ರಾಕೆಟ್ಟಿನದ್ದೇ ಮರುಳು, ಹದಿಮೂರರ ಮಗ್ಗಿ ಬರುದಿಲ್ಲ. ಮತ್ತೆ, ಹೋದ ಸಲ ನಾನು ಸಿಟ್ಟಿನಲ್ಲಿ ಏನೇನೋ ಮಾತಾಡಿದೆ, ಬೇಜಾರು ಮಾಡ್ಕೊಳ್ಬೇಡಿ. ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು ಅಂತ ಎಷ್ಟು ದಿನದಿಂದ..."

"ಅಮ್ಮಾ, ಸುಮ್ಮನಿರು! ಕೇಳುದಿಲ್ಲ!"

ಅದು ನಾನು. ರೆಕಾರ್ಡರಿಗೆ ಅಂಟಿಕೊಂಡೇ ಕೂತಿದ್ದೆನೋ ಏನೋ, ಪಿಕಪ್ಪಿನ ಸ್ಪೀಕರು ಒಡೆಯುವ ಹಾಗಿತ್ತು. ಅಮ್ಮ ಸುಮ್ಮನಾದಳು. ಜೀವಮಾನದಲ್ಲಿ ನಾನು ಹೇಳಿದ್ದನ್ನು ಅವಳು ಒಂದೇ ಮಾತಿಗೆ ಕೇಳಿದ್ದು ಅದೊಂದೇ ಸಲ. ಅಲ್ಲಿಂದ ಕೊನೆಯವರೆಗೆ ಕಪ್ತಾನನ ಮಾತು ಗಾಜಿನಷ್ಟು ಸ್ಪಷ್ಟ. ಅವನು ಭೂಮಿಗೆ ಮರಳಲಿಲ್ಲ. ನಾನು ಮುಖ ಒರೆಸಿಕೊಂಡೆ. ಬೆವರೇ ಎಂದು ಸಿದ್ದೀಕ್ ಭಾಯಿ ತಿಳಿದಂತೆ ನಟಿಸಿದರು. ಕ್ಯಾಸೆಟ್ಟನ್ನು ಹೊರತೆಗೆದು ನನ್ನ ಕೈಗಿಡುತ್ತಾ ಕೇಳಿದರು: "ಭಟ್ರೆ, ಅಮ್ಮ ಎಂತ ಹೇಳ್ಬೇಕಂತ ಇದ್ದದ್ದು?" ಅದನ್ನು ಕೇಳಲು ಈಗ ಅಪ್ಪನೂ ಇಲ್ಲ.

ಧ್ವನಿಯನ್ನು ಗುಂಪಿಗೆ ಕಳಿಸಿದೆ. ಹಬ್ಬವೋ ಹಬ್ಬ. ಆ ಹೆಂಗಸಿನ ಧ್ವನಿಯನ್ನು ಸಾಫ್ಟ್‌ವೇರಿನಲ್ಲಿ ತೆಗೆಯಬಹುದೇ ಎಂದು ಒಬ್ಬರು ಕೇಳಿದರು. ಕಪ್ತಾನನನ್ನು ತೆಗೆಯಲು ಬರುತ್ತದೆಯೇ ಎಂದು ನಾನು ಕೇಳಿದೆ. ಹಲ್ಲಿನ ಡಾಕ್ಟರು ಮಾತ್ರ ಮನಸಾರೆ ಬರೆದರು: "ಆ ಹುಡುಗ ಸರಿಯಾದ ಹೊತ್ತಿಗೆ ಗದರಿದ್ದರಿಂದ ಕೊನೆಯ ಸಂಭಾಷಣೆ ಉಳಿಯಿತು. ಅವನಿಗೆ ನಮ್ಮೆಲ್ಲರ ಕೃತಜ್ಞತೆ ತಿಳಿಸಿ."

ತಿಳಿಸಿದ್ದೇನೆ. ಡಾಕ್ಟರರನ್ನು ಈಗ ಗೇಲಿ ಮಾಡುವುದಿಲ್ಲ. ಕಂಪನಿ ಬಸ್ಸಿನಲ್ಲಿ ಕೂತು, ಅಮ್ಮನ ಆ ವಾಕ್ಯದ ಉಳಿದರ್ಧವನ್ನು ನಾನೂ ಮನಸ್ಸಿನಲ್ಲೇ ಬರೆಯಲು ನೋಡುತ್ತೇನೆ. ದಿನಕ್ಕೊಂದು ಹೊಳೆಯುತ್ತದೆ. ಆದರೆ ಇನ್ನೇನು ಅವಳು ಹೇಳಿಯೇಬಿಟ್ಟಳು ಎನ್ನುವಾಗ ಐದನೇ ಕ್ಲಾಸಿನ ಆ ಪ್ರಾಣಿ ಅಡ್ಡಬಂದು ಗದರುತ್ತದೆ, ಮತ್ತು ಅಮ್ಮ ಪ್ರತಿ ಸಲವೂ ಅವನ ಮಾತನ್ನೇ ಕೇಳುತ್ತಾಳೆ.