ದೇಶದಾಗ ದೊಡ್ಡವ್ರು ಯಾರ್ರಿ?

ನನ್ನ ಹೆಂಡತಿಯ ತಂದೆ ಸಜ್ಜನರು. ಕುಡಿಯುವುದಿಲ್ಲ, ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಇವುಗಳಲ್ಲಿ ಯಾವುದಾದರೂ ಒಂದು ಚಟ ಅವರಿಗಿದ್ದಿದ್ದರೆ ನಾವೆಲ್ಲ ಎಷ್ಟು ನೆಮ್ಮದಿಯಾಗಿರುತ್ತಿದ್ದೆವು! ಅವರ ಚಟವೇ ಬೇರೆ. ಎದುರಿಗೆ ಸಿಕ್ಕವರನ್ನು ನಿಲ್ಲಿಸಿ, "ನಮ್ಮ ದೇಶದಾಗ ಇಲ್ಲೀತನಕ ಹುಟ್ಟಿದವ್ರಾಗ ಎಲ್ಲಾರಕಿಂತ ದೊಡ್ಡವ್ರು ಯಾರ್ರಿ?" ಎಂದು ಕೇಳುವುದು.

ಕೇಳಿದರೆ ಕೇಳಲಿ, ಉತ್ತರ ಕೊಟ್ಟು ಪಾರಾಗಬಹುದಲ್ಲ ಎನ್ನುತ್ತೀರಾ? ನಿಮಗೆ ನಮ್ಮ ಮಾವನವರು ಗೊತ್ತಿಲ್ಲ. ನೀವು ಯಾರನ್ನು ಹೇಳಿದರೂ ಅವರು ಒಪ್ಪುವುದಿಲ್ಲ. ರಾಜನೆಂದರೆ ಋಷಿಯನ್ನು ತರುತ್ತಾರೆ. ಋಷಿಯೆಂದರೆ ವೈದ್ಯನನ್ನು ತರುತ್ತಾರೆ. ವೈದ್ಯನೆಂದರೆ ಜೋಳದ ರೊಟ್ಟಿಯನ್ನು ಮೊಟ್ಟಮೊದಲು ಬಡಿದ ಹೆಣ್ಣುಮಗಳನ್ನು ಎಲ್ಲಿಂದಲೋ ಎಬ್ಬಿಸಿಕೊಂಡು ಬರುತ್ತಾರೆ. ನೀವು ಜಾಣತನ ಮಾಡಿ, "ಹೌದ್ರಿ, ರೊಟ್ಟಿ ಬಡದಾಕಿನ ದೊಡ್ಡಾಕಿ" ಎಂದಿರೋ, "ಅದ್ಹ್ಯಾಂಗ? ಜ್ವಾಳಾ ಬೆಳದವ ಎಲ್ಲಿ ಹ್ವಾದ?" ಎಂದು ನಿಮ್ಮ ಮೇಲೆಯೇ ತಿರುಗಿಬೀಳುತ್ತಾರೆ!

ಈ ಪ್ರಶ್ನೆ ನನಗೆ ಮೊದಲು ಎದುರಾಗಿದ್ದು ಹೆಣ್ಣು ನೋಡಲು ಹೋದ ದಿನ. ನಾನು ಹುಮನಾಬಾದಿನ ಶಾಲೆಯೊಂದರಲ್ಲಿ ಗಣಿತದ ಮಾಸ್ತರ. ಅವರದು ಬಸವಕಲ್ಯಾಣದಲ್ಲಿ ಭಾಂಡೆ ಅಂಗಡಿ. ತಾಮ್ರ, ಹಿತ್ತಾಳೆ, ಸ್ಟೀಲಿನ ಪಾತ್ರೆಗಳ ವ್ಯಾಪಾರ. ಪಗಾರ ಎಷ್ಟು, ಹೊಲ ಇದೆಯೋ ಇಲ್ಲವೋ ಎಂಬ ಪ್ರಶ್ನೆಗಳಿಗೆಲ್ಲ ತಯಾರಾಗಿ ಹೋಗಿದ್ದೆ. ಚುರುಮುರಿಯ ಸುಸಲಾ ಇದ್ದ ತಾಟು ನನ್ನ ಕೈಗೆ ಬಂದದ್ದೇ ತಡ, ಅವರು ಆ ಪ್ರಶ್ನೆ ಹಾಕಿದರು. ನಾನು ಗಾಬರಿಯಿಂದ ಊರೂರಿನ ಸರ್ಕಲ್ಲಿನಲ್ಲಿ ಪ್ರತಿಮೆಯಾಗಿ ನಿಂತಿರುವ ಒಬ್ಬ ಮಹನೀಯರ ಹೆಸರು ಹೇಳಿದೆ.

"ಪುತಳಿ ಇದ್ದವ್ರದು ಬ್ಯಾಡ್ರಿ," ಎಂದರು ಮಾವ. "ಅವ್ರಿಗಿ ಕಾಗಿಗೋಳು ಆಗ್ಲೇ ಓಟು ಹಾಕ್ಯಾವ. ಬ್ಯಾರೇ ಹೇಳ್ರಿ."

"ಹಂಗಾದ್ರ ಸೊನ್ನಿ ಕಂಡುಹಿಡದವ್ರು ರೀ."

"ನೀವು ಗಣಿತದ ಮಾಸ್ತರ್ರು. ಹುಡುಗ್ರಿಗಿ ಸೊನ್ನಿ ಹಾಕೂದ ನಿಮ್ಮ ಉದ್ಯೋಗ. ನಿಮ್ಮ ಸಾಕ್ಷಿ ನಡಿಯೂದಿಲ್ಲ!"

ನನಗೂ ರೋಷ ಬಂತು. ಸೊನ್ನೆಗೆ ಅವಮಾನವಾದರೆ ನಾನು ಸುಮ್ಮನಿರಲಾದೀತೇ? ನಾನೂ ಏರಿದೆ, ಅವರೂ ಏರಿದರು. ಸುಸಲಾ ಮೆತ್ತಗಾಯಿತು. ಚಹಾ ಕೆನೆಗಟ್ಟಿತು. ನಮ್ಮಪ್ಪ ಚಪ್ಪಲಿ ಹುಡುಕುತ್ತ ಎದ್ದೇಬಿಟ್ಟರು. ಅಷ್ಟರಲ್ಲಿ ಒಳಕೋಣೆಯಿಂದ, ಯಾರ ಮುಖ ನೋಡಲು ನಾವು ಹೋಗಿದ್ದೆವೋ ಅವಳ ದನಿ ಬಂತು: "ಅಪ್ಪಾ, ಸೊನ್ನಿ ಇಲ್ಲಂದ್ರ ನಿಮ್ಮ ಐವತ್ತು ವರ್ಷ ಹೋಗಿ ಐದು ಆಗ್ತದ ನೋಡ್ರಿ. ನೀವೀಗ ಮಾಡಾಕತ್ತಿದ್ದು ನೋಡಿದ್ರ ಅದೂ ಸರೀನ ಅದ!"

ಮನೆಯೆಲ್ಲ ನಕ್ಕಿತು. ನಮ್ಮಪ್ಪ ಚಪ್ಪಲಿ ಬಿಟ್ಟು ಮತ್ತೆ ಕುಳಿತರು. ಹುಡುಗಿಯ ಮುಖ ಇನ್ನೂ ನೋಡಿರಲಿಲ್ಲ, ಆದರೆ ಮದುವೆಯಾದರೆ ಇವಳನ್ನೇ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಇವಳನ್ನು ಬಿಟ್ಟರೆ ಆ ಮನುಷ್ಯನಿಂದ ನನ್ನನ್ನು ಕಾಪಾಡುವವರು ಇನ್ಯಾರಿದ್ದರು?

ಮದುವೆಯಾದ ಹೊಸದರಲ್ಲಿ ಒಮ್ಮೆ ಅವರು ನಮ್ಮ ಮನೆಗೆಂದು ಹುಮನಾಬಾದಿನ ಬಸ್ಸು ಹತ್ತಿದರು. ಬರಬೇಕಾದ ಹೊತ್ತಿಗೆ ಬರಲಿಲ್ಲ. ಕೊನೆಗೆ ಫೋನು ಬಂತು.

"ಅಳಿಯಂದ್ರ, ನಿಮ್ಮ ಊರು ಎಲ್ಲಿ ಹ್ವಾತು? ಬರವಲ್ದಲ್ಲ!"

"ಈಗ ಎಲ್ಲಿದ್ದೀರಿ ಮಾವಾರ?"

"ಇಲ್ಲಿ ಬೋರ್ಡಿನ ಮ್ಯಾಲ ಮನ್ನಾಏಖೇಳ್ಳಿ ಅಂತ ಬರದಾರ."

ಪಕ್ಕದ ಸೀಟಿನವರು ಯಾರೋ ಪಾಪ, ಹಳೆಯ ಕಾಲದ ಸೇನಾಪತಿಯೊಬ್ಬನ ಹೆಸರು ಹೇಳಿದ್ದರಂತೆ. ಆ ಸೇನಾಪತಿಯನ್ನು ಸೋಲಿಸುವ ಭರದಲ್ಲಿ ಹುಮನಾಬಾದು ಹಿಂದೆ ಸರಿದದ್ದು ಇಬ್ಬರಿಗೂ ತಿಳಿದಿಲ್ಲ! ನಾನು ಮೋಟರ್ ಸೈಕಲ್ಲಿನಲ್ಲಿ ಹೋಗಿ ನೋಡುತ್ತೇನೆ, ಹೆದ್ದಾರಿಯ ಚಹಾದಂಗಡಿಯ ಮುಂದೆ ಮಾವನ ಜೊತೆ ಆ ಪಕ್ಕದ ಸೀಟಿನ ಮನುಷ್ಯನೂ ಇನ್ನೂ ಕುಳಿತಿದ್ದಾನೆ. ಅವನೂ ಹುಮನಾಬಾದಿನಲ್ಲಿಯೇ ಇಳಿಯಬೇಕಾಗಿತ್ತಂತೆ.

ನಮ್ಮ ಶಾಲೆಯಲ್ಲಿ ಆದದ್ದನ್ನು ಹೇಳದಿದ್ದರೆ ಹೆಡ್‌ಮಾಸ್ತರರಿಗೆ ಅನ್ಯಾಯವಾದೀತು. 'ನಮ್ಮ ನಾಡಿನ ಮಹಾಪುರುಷರು' ಎಂಬ ವಿಷಯದ ಮೇಲೆ ಭಾಷಣ ಸ್ಪರ್ಧೆ. ಬರಬೇಕಾಗಿದ್ದ ತೀರ್ಪುಗಾರರು ಬರಲಿಲ್ಲ. ಮಾವ ಊರಿನಲ್ಲಿಯೇ ಇದ್ದರು. "ಹಿರಿಯರು ಅದಾರ, ಕರಕೊಂಡು ಬರ್ರಿ," ಎಂದರು ಹೆಡ್‌ಮಾಸ್ತರರು. ನಾನು ಬೇಡವೆಂದೆ. ಬೇಡವೆಂದೆ ಎಂಬುದಕ್ಕೆ ಇಡೀ ಸ್ಟಾಫ್ ರೂಮೇ ಸಾಕ್ಷಿ!

ಮೊದಲ ಹುಡುಗ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ ಕೈಮುಗಿದ. ಮಾವ ಎದ್ದು ನಿಂತು, "ಖರೇ ಅಂತ ಹ್ಯಾಂಗ ಹೇಳ್ತಿ?" ಎಂದು ಶುರುಮಾಡಿದರು. ಒಬ್ಬೊಬ್ಬ ಮಹಾಪುರುಷನೂ ವೇದಿಕೆಗೆ ಬಂದ, ಒಬ್ಬೊಬ್ಬನೂ ಬಿದ್ದ. ಮಧ್ಯಾಹ್ನದ ಊಟದ ಗಂಟೆ ಹೊಡೆದಾಗ ಒಬ್ಬರೂ ನಿಂತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಮಾತಾಡಿದವರು ತೀರ್ಪುಗಾರರೇ ಆದ್ದರಿಂದ ಮೊದಲ ಬಹುಮಾನ ಅವರಿಗೇ ಸಲ್ಲಬೇಕಲ್ಲವೇ ಎಂದು ಹೆಡ್‌ಮಾಸ್ತರರು ನನ್ನ ಕಿವಿಯಲ್ಲಿ ಕೇಳಿದರು. ಬಹುಮಾನ ಒಂದು ಸ್ಟೀಲಿನ ಡಬ್ಬಿ. ಮಾವ ಅದನ್ನು ಕೈಗೆತ್ತಿಕೊಂಡು, ಬೆರಳಿನಿಂದ ತಟ್ಟಿ ನೋಡಿ, ಮೈಕಿನಲ್ಲಿಯೇ ಘೋಷಿಸಿದರು: "ತಗಡು ತೆಳು ಅದ. ನಮ್ಮ ಅಂಗ್ಡ್ಯಾಗ ತಗೋಬೇಕಿತ್ತು!"

ಹೀಗಿದ್ದ ಮಾವನಿಗೆ ಸರಿಜೋಡಿಯಾಗಿ ಒಬ್ಬರಿದ್ದರು. ಅವರ ಭಾಂಡೆ ಅಂಗಡಿಯೆದುರು, ರಸ್ತೆಯ ಆಚೆ ಬದಿಯ ಬಳೆ ಅಂಗಡಿಯ ಚಾಚಾ. ನನ್ನ ಹೆಂಡತಿ ತೊಟ್ಟಿಲಲ್ಲಿದ್ದಾಗಿನಿಂದಲೂ ಅವಳ ಕೈಗೆ ಬಳೆ ಇಟ್ಟವರು ಅವರೇ. ಮಾವ ಬೇರೆಯವರ ಜೊತೆ ಗಳಿಗೆಗೊಮ್ಮೆ ಪಕ್ಷ ಬದಲಿಸುತ್ತಿದ್ದರೂ ಚಾಚಾನ ಎದುರು ಮಾತ್ರ ಒಂದೇ ಹಟ: ತಮ್ಮೂರಿನ ಕೋಟೆ, ಆ ಕಿಲ್ಲಾ ಕಟ್ಟಿಸಿದ ರಾಜನೇ ದೊಡ್ಡವನು. ಚಾಚಾನ ಹಟವೂ ಒಂದೇ: ಹಾಡು ಕಟ್ಟಿದವನೇ ದೊಡ್ಡವನು. ಇಬ್ಬರೂ ತಂತಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ನಡುವೆ ಆಟೋ, ಟಂಟಂ, ಎಮ್ಮೆಗಳು ಹಾಯುತ್ತಿರುವಾಗಲೇ ಕೂಗಾಡುತ್ತಿದ್ದರು.

"ಕಿಲ್ಲಾ ನೋಡಾಕ ನಾವು ನಡಕೊಂಡು ಹೋಗ್ಬೇಕು ಭಾಯ್! ಹಾಡು ತಾನ ಮನೀಗಿ ಬರ್ತದ!" ಎನ್ನುವರು ಚಾಚಾ.

"ವೈರಿ ಬಂದ್ರ ಹಾಡಿನ್ಯಾಗ ಅಡಗ್ತಿಯೇನು?" ಎನ್ನುವರು ಮಾವ.

ಒಂದು ದಿನ ಸಿಮೆಂಟಿನ ಲಾರಿಯೊಂದು ಇಬ್ಬರ ನಡುವೆ ಬಂದು ನಿಂತಿತು. ಮಾವ ನಿಲ್ಲಿಸಲಿಲ್ಲ, ದನಿ ಏರಿಸಿ ವಾದ ಮುಂದುವರಿಸಿದರು. ಲಾರಿ ಸರಿದಾಗ ನೋಡಿದರೆ ಚಾಚಾ ನಮಾಜಿಗೆ ಹೋಗಿ ಎಷ್ಟೋ ಹೊತ್ತಾಗಿದೆ. ಅವರ ಕಟ್ಟೆಯ ಮುಂದೆ ಒಂದು ಎಮ್ಮೆ ನಿಂತು ತಲೆಯಾಡಿಸುತ್ತಿದೆ! ಚಾಚಾ ಮರಳಿ ಬಂದಾಗ ಮಾವ ಹೇಳಿದರು, "ನೋಡಪಾ, ಎಮ್ಮಿಗಿ ತಿಳೀತು, ನಿನಗ ತಿಳಿಯವಲ್ದು." ಚಾಚಾ ಟೋಪಿ ಸರಿಮಾಡಿಕೊಳ್ಳುತ್ತ ತಣ್ಣಗೆ ಅಂದರು, "ನಿನ್ನ ಮಾತು ತಿಳೀಬೇಕಂದ್ರ ಎಮ್ಮೀನ ಆಗ್ಬೇಕು ಭಾಯ್."

ಮೊನ್ನೆ ಬೇಸಿಗೆಯಲ್ಲಿ ಚಾಚಾನ ದನಿ ಒಡೆಯತೊಡಗಿತು. ಹೈದರಾಬಾದಿಗೆ ಕರೆದುಕೊಂಡು ಹೋಗಿ ಗಂಟಲಿನ ಆಪರೇಷನ್ ಮಾಡಿಸಿದರು. ಜೀವಕ್ಕೇನೂ ತೊಂದರೆಯಿಲ್ಲ, ಆದರೆ ತಾವು ಹೇಳುವ ತನಕ ಒಂದು ಮಾತೂ ಆಡಕೂಡದು, ಪಿಸುಮಾತೂ ಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ದನಿ ಮೊದಲಿನ ಹಾಗೆ ಮರಳುತ್ತದೋ ಇಲ್ಲವೋ ಆಮೇಲೆ ನೋಡೋಣ ಎಂದರಂತೆ. ಚಾಚಾ ಕುತ್ತಿಗೆಗೆ ಶಾಲು ಸುತ್ತಿಕೊಂಡು ಮತ್ತೆ ಅಂಗಡಿಯಲ್ಲಿ ಬಂದು ಕುಳಿತರು.

ಅದಾಗಿ ಕೆಲವು ದಿನಕ್ಕೆ ನಮ್ಮ ಅತ್ತೆಯ ಫೋನು ಬಂತು. ಅಳುವೊಂದೇ ಬಾಕಿ.

"ನೀವು ಲಗೂನ ಬರ್ರಿ. ಇವ್ರಿಗಿ ಏನೋ ಆಗ್ಯಾದ."

"ಯಾಕ, ಏನಾಯ್ತು? ಜ್ವರ ಬಂದಾವೇನ್ರಿ?"

"ಜ್ವರ ಬಂದಿದ್ರ ಚಂದಿತ್ತು! ನಾ ಏನ್ ಹೇಳಿದ್ರೂ ಹೂಂ ಅನ್ನಾಕತ್ತಾರ್ರಿ!"

ಗಂಡ ಎಲ್ಲದಕ್ಕೂ ಹೂಂ ಎಂದರೆ ಬೇರೆ ಮನೆಗಳಲ್ಲಿ ಪೇಢೆ ಹಂಚುತ್ತಾರೆ. ನಾವು ಸಿಕ್ಕ ಬಸ್ಸು ಹಿಡಿದು ಓಡಿದೆವು. ಮಾವ ತೂಗುಮಂಚದ ಮೇಲೆ ಕುಳಿತಿದ್ದರು, ತೂಗುತ್ತಿರಲಿಲ್ಲ. ನಾನು ಉಪಾಯವಾಗಿ ಗಾಳ ಎಸೆದೆ: "ಮಾವಾರ, ದೇಶದಾಗ ಎಲ್ಲಾರಕಿಂತ ದೊಡ್ಡವ್ರು ಅಂದ್ರ ಸೊನ್ನಿ ಕಂಡುಹಿಡದವ್ರ ನೋಡ್ರಿ. ಬ್ಯಾರೆ ಯಾರೂ ಇಲ್ಲ."

"ಇರಬೌದು," ಎಂದರು ಮಾವ.

ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ನಿಜ ಹೇಳುತ್ತೇನೆ, ನನಗೂ ಹೆದರಿಕೆಯಾಯಿತು.

ಸಂಜೆ ಅಂಗಡಿಗೆ ಅವರ ಜೊತೆ ನಾನೂ ಹೋದೆ. ಆಚೆ ಕಟ್ಟೆಯಲ್ಲಿ ಚಾಚಾ ಬಳೆಗಳ ಧೂಳು ಒರೆಸುತ್ತಿದ್ದರು. ಮಾವ ಬಹಳ ಹೊತ್ತು ಅತ್ತಲೇ ನೋಡಿದರು. ಆಮೇಲೆ ಏನನ್ನಿಸಿತೋ, ಎದ್ದು ಚಪ್ಪಲಿ ಮೆಟ್ಟಿ, ಆಟೋಗಳ ನಡುವೆ ರಸ್ತೆ ದಾಟಿ ಚಾಚಾನ ಕಟ್ಟೆಯ ಮೇಲೆ ಹೋಗಿ ಕುಳಿತರು. ನಾನೂ ಹಿಂದೆಯೇ ಹೋದೆ.

"ಕಿಲ್ಲಾ ಕಟ್ಟಿಸಿದ ರಾಜಾನ ದೊಡ್ಡವಾ," ಎಂದರು ಮಾವ.

ಚಾಚಾನ ತುಟಿ ಅಲುಗಿತು. ಕೈ ಗಂಟಲಿಗೆ ಹೋಯಿತು. ಕಣ್ಣು ಕೆಳಗಾಯಿತು.

ಮಾವ ಎದ್ದು, ಚಾಚಾನ ಇನ್ನೊಂದು ಬದಿಗೆ ಹೋಗಿ ಕುಳಿತು, ದನಿ ಬದಲಿಸಿ, ಚಾಚಾನ ಧಾಟಿಯಲ್ಲಿಯೇ ಶುರುಮಾಡಿದರು: "ಅರೇ ಭಾಯ್, ಕಿಲ್ಲಾ ನೋಡಾಕ ನಾವು ನಡಕೊಂಡು ಹೋಗ್ಬೇಕು. ಹಾಡು ತಾನ ಮನೀಗಿ ಬರ್ತದ. ಕಲ್ಲು ಹೊತ್ತವ್ರು ದಣಿವು ಮರತಿದ್ದು ರಾಜಾನ ಮಾರಿ ನೋಡ್ಯೋ, ಹಾಡು ಹಾಡ್ಕೋತನೋ? ನಿನ್ನ ಮಗಳು ತೊಟ್ಟಿಲದಾಗ ಅಳೂ ಮುಂದ ನಿನ್ನ ಹೇಣ್ತಿ ಆಕಿಗಿ ಕಿಲ್ಲಾ ತೋರಸಿದ್ಳೇನು?"

ನಾನು ಬೆರಗಾಗಿ ನಿಂತೆ. ಇಷ್ಟು ವರ್ಷ ರಸ್ತೆಯ ಆಚೆಯಿಂದ ಬಂದ ಒಂದೊಂದು ಮಾತೂ ಆ ಮನುಷ್ಯನ ಹೊಟ್ಟೆಯೊಳಗೆ ಹಾಗೇ ಇತ್ತು! ಯಾರ ಮಾತನ್ನೂ ಕೇಳಿಸಿಕೊಳ್ಳದವರೆಂದು ನಾವೆಲ್ಲ ನಗುತ್ತಿದ್ದೆವಲ್ಲ, ಅವರು ಕೇಳಿಸಿಕೊಂಡಿದ್ದಕ್ಕೆ ಲೆಕ್ಕವೇ ಇರಲಿಲ್ಲ. ಎಲ್ಲಿಯಾದರೂ ತಪ್ಪಿದರೆ ಚಾಚಾ ಬೆರಳಿನಿಂದ ತೊಡೆ ತಟ್ಟಿ ತಡೆಯುವರು. ಮಾವ ತಿದ್ದಿಕೊಂಡು ಮುಂದೆ ಹೋಗುವರು. ಚಾಚಾ ಸದ್ದಿಲ್ಲದೆ ನಗುತ್ತಿದ್ದರು, ಭುಜ ಕುಲುಕುತ್ತಿತ್ತು.

ಎಲ್ಲ ಹೇಳಿ ಮುಗಿಸಿ ಮಾವ ತಮ್ಮ ಸ್ವಂತ ದನಿಗೆ ಮರಳಿದರು. "ಹೌದಪಾ, ನೀನ ಖರೇ. ಹಾಡು ಕಟ್ಟಿದವನ ದೊಡ್ಡವಾ. ನಾ ಒಪ್ಪಿದೆ."

ಚಾಚಾನ ನಗು ನಿಂತಿತು. ಅವರು ಮಾವನ ಮಣಿಕಟ್ಟು ಗಟ್ಟಿಯಾಗಿ ಹಿಡಿದು, ಒಪ್ಪಕೂಡದು ಎಂಬಂತೆ ಜೋರಾಗಿ ತಲೆಯಲ್ಲಾಡಿಸಿದರು. ಕಣ್ಣು ತುಂಬಿ ಬಂದಿತ್ತು. ಮಾವ ಹೆಗಲ ಮೇಲಿನ ಟವೆಲ್ ತೆಗೆದು ಅವರ ಕೈಗೆ ತುರುಕಿ, ಮುಖ ಅತ್ತ ತಿರುಗಿಸಿಕೊಂಡು ಗದರಿದರು:

"ಹಂಗಾರ ಲಗೂ ಆರಾಮಾಗು. ಎರಡೂ ಕಡಿ ನಾ ಒಬ್ಬನ ಎಷ್ಟಂತ ಬಡದಾಡ್ಲಿ?"